ನಳ್ಳಿ, ಸೀಗಡಿ, ದೊಣೆಯ ನೀರು

ಏಡಿ, ಸೀಗಡಿ, ಕೆರೆನೀರಿನಲ್ಲಿ ಚುಕ್ಕಿಗಳಂತೆ ಕುಪ್ಪಳಿಸುವ ಸೈಕ್ಲಾಪ್ಸ್, ಮಳೆಗಾಲದ ಹೊಂಡಗಳಲ್ಲಿ ಬೆನ್ನು ಕೆಳಗೆ ಮಾಡಿ ಈಜುವ ಫೇರಿ ಶ್ರಿಂಪ್, ಇವೆಲ್ಲ ಒಂದೇ ಬಳಗದವು. ಮೈಮೇಲೆ ಗಟ್ಟಿ ಹೊದಿಕೆ, ಕೀಲುಕೀಲಾದ ಕಾಲುಗಳು, ಬೆಳೆಯಬೇಕಾದಾಗಲೆಲ್ಲ ಹಳೆಯ ಹೊದಿಕೆ ಕಳಚಿ ಹೊಸದನ್ನು ತೊಡುವ ಕ್ರಮ ಈ ಕಠಿಣಚರ್ಮಿಗಳ ಗುರುತು. ಬಳಗ ಹುಟ್ಟಿದ್ದು ಕಡಲಿನಲ್ಲಿ. ಅದರ ಕೆಲವು ಕವಲುಗಳು ಮಾತ್ರ ಸಿಹಿನೀರಿಗೆ ಬಂದು ನೆಲೆಸಿದವು, ಮತ್ತು ಹೀಗೆ ಬಂದವು ಮರಿ ಮಾಡುವುದರಲ್ಲಿ ಬೇರೆಬೇರೆ ದಾರಿ ಹಿಡಿದವು. ಏಡಿಗಳು ಕಡಲನ್ನು ಪೂರ್ತಿ ಮರೆತವು. ಕೆಲವು ಸೀಗಡಿಗಳು ಇವತ್ತಿಗೂ ಮರಿಗಳಿಗಾಗಿ ಕಡಲಂಚಿನ ಉಪ್ಪುನೀರನ್ನೇ ನಂಬಿವೆ. ಹೊಂಡದ ಜೀವಿಗಳು ನೀರು ಬತ್ತಿದರೂ ಸಾಯದ ಮೊಟ್ಟೆಗಳನ್ನು ಮಣ್ಣಿಗೆ ಬಿಟ್ಟುಹೋಗುತ್ತವೆ. ಯಾವ ಪ್ರಭೇದ ಎಲ್ಲಿದೆ, ಎಷ್ಟು ದೂರ ಹರಡಿದೆ, ಅದನ್ನು ಯಾವುದು ಕೊಲ್ಲುತ್ತದೆ ಎಂಬ ಪ್ರಶ್ನೆಗಳಿಗೆ ಬಹುಪಾಲು ಉತ್ತರ ಈ ದಾರಿಗಳಲ್ಲೇ ಸಿಗುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಈ ಬಗೆಗಳಿಗೆಲ್ಲ ಒಗ್ಗುವ ನೀರಿನ ನೆಲೆಗಳಿವೆ. ನಂದಿಬೆಟ್ಟದ ಕಡೆ ಹುಟ್ಟುವ ಅರ್ಕಾವತಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ ದಾಟಿ ರಾಮನಗರದ ಮೂಲಕ ಕನಕಪುರಕ್ಕೆ ಇಳಿದು, ಸುಮಾರು 190 ಕಿಲೋಮೀಟರ್ ಹರಿದು ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಶಿವಗಂಗೆ ಕಡೆಯ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲೂ, ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಕನಕಪುರದ ಬಳಿಯೂ ಅದನ್ನು ಕೂಡುತ್ತವೆ. ಚನ್ನಪಟ್ಟಣದ ಕಣ್ವ ಹೊಳೆ ಶಿಂಷಾ ನದಿಗೆ, ಶಿಂಷಾ ಮತ್ತೆ ಕಾವೇರಿಗೆ. ಅಂದರೆ ನಾಲ್ಕೂ ತಾಲ್ಲೂಕುಗಳ ಹಳ್ಳಗಳು ಕಡೆಗೆ ಒಂದೇ ನದಿಗೆ ಇಳಿಯುತ್ತವೆ. ಇವುಗಳ ನಡುವೆ ಸುಮಾರು 250 ಕೋಟಿ ವರ್ಷ ಹಳೆಯದಾದ ಕ್ಲೋಸ್‌ಪೇಟೆ ಗ್ರಾನೈಟ್‌ನ ಬೆಟ್ಟಗಳು ಎದ್ದು ನಿಂತಿವೆ. ರಾಮನಗರಕ್ಕೆ ಒಮ್ಮೆ ಇದ್ದ ಹೆಸರೇ ಈ ಕಲ್ಲಿಗೆ ಉಳಿದುಕೊಂಡಿದೆ. ರಾಮದೇವರ ಬೆಟ್ಟ, ಸಾವನದುರ್ಗ, ಕಬ್ಬಾಳದುರ್ಗಗಳಂಥ ಈ ಬೋಳು ಬಂಡೆಗಳ ನೆತ್ತಿಯಲ್ಲಿ ಮಳೆನೀರು ನಿಲ್ಲುವ ದೊಣೆಗಳಿವೆ.

ಈ ಸೀಮೆಯವರಿಗೆ ಏಡಿಗಿಂತ ನಳ್ಳಿ ಎಂಬ ಹೆಸರೇ ಹತ್ತಿರ. ಮುಂಗಾರಿನ ಮೊದಲ ಜೋರು ಮಳೆಯಾದ ರಾತ್ರಿ ಗದ್ದೆಯ ಬದು, ಕಾಲುವೆಯ ದಂಡೆ, ಕೆರೆ ಕೋಡಿಯ ಕಲ್ಲುಸಂದಿಗಳಿಂದ ನಳ್ಳಿಗಳು ಹೊರಬೀಳುತ್ತವೆ. ಬ್ಯಾಟರಿ ಹಿಡಿದು ಹೊರಟವರ ಮನೆಯಲ್ಲಿ ಮಾರನೆಯ ದಿನ ನಳ್ಳಿ ಸಾರು. ನೆಗಡಿ, ಕೆಮ್ಮಿಗೆ ಅದು ಮದ್ದೆಂಬ ನಂಬಿಕೆ ಬಯಲುಸೀಮೆಯಲ್ಲಿ ಗಟ್ಟಿಯಾಗಿದೆ. ಮದ್ದಿನ ಮಾತು ಹೇಗೇ ಇರಲಿ, ಚೆನ್ನಾಗಿ ಬೇಯಿಸುವ ಪದ್ಧತಿಯಂತೂ ಒಳ್ಳೆಯದು. ಸಿಹಿನೀರಿನ ಏಡಿಗಳು ಶ್ವಾಸಕೋಶಕ್ಕೆ ಸೇರುವ ಪರಾವಲಂಬಿ ಹುಳುವನ್ನು ಹೊತ್ತಿರಬಹುದು. ಅರೆಬೆಂದ ಏಡಿ ತಿನ್ನುವ ರೂಢಿಯಿರುವ ಈಶಾನ್ಯ ಭಾರತದ ಮಣಿಪುರದಂಥ ಕಡೆ ಈ ರೋಗ ಚೆನ್ನಾಗಿ ದಾಖಲಾಗಿದೆ.

ಗದ್ದೆಯ ನಳ್ಳಿಯ ಜೀವನಕ್ರಮದಲ್ಲಿ ಎರಡು ಸಂಗತಿ ಮುಖ್ಯ. ಮೊದಲನೆಯದು ಮರಿ. ಕಡಲೇಡಿ ಲಕ್ಷಗಟ್ಟಲೆ ಸಣ್ಣ ಮೊಟ್ಟೆಗಳನ್ನಿಡುತ್ತದೆ, ಅವುಗಳ ಡಿಂಭಗಳು ಅಲೆಯ ಜತೆ ನೂರಾರು ಮೈಲಿ ತೇಲಿಹೋಗುತ್ತವೆ. ಸಿಹಿನೀರಿನ ಏಡಿಗೆ ಡಿಂಭದ ಹಂತವೇ ಇಲ್ಲ. ಹೆಣ್ಣು ನಳ್ಳಿ ಕೆಲವು ಹತ್ತರಿಂದ ಕೆಲವು ನೂರರಷ್ಟು ದಪ್ಪ ಮೊಟ್ಟೆಗಳನ್ನು ಹೊಟ್ಟೆಯಡಿಯ ಅಗಲ ಮಡಿಕೆಯಲ್ಲಿ ಹೊತ್ತು ತಿರುಗುತ್ತದೆ. ಒಡೆದ ಮೊಟ್ಟೆಯಿಂದ ಬರುವುದು ಪೂರ್ತಿ ರೂಪದ ಪುಟ್ಟ ನಳ್ಳಿ. ಅದೂ ಕೆಲವು ದಿನ ತಾಯಿಯ ಮಡಿಕೆಯಲ್ಲೇ ಇದ್ದು, ಆಮೇಲೆ ಹತ್ತಿರದಲ್ಲೇ ಬಿಲ ಹುಡುಕಿಕೊಳ್ಳುತ್ತದೆ. ಹೀಗಾಗಿ ಮೊಮ್ಮಕ್ಕಳ ಕಾಲಕ್ಕೂ ಸಂಸಾರ ಅದೇ ಹಳ್ಳದಲ್ಲಿ. ನಡುವೆ ಒಂದು ಒಣ ಗುಡ್ಡ ಬಂದರೂ ಸಾಕು, ಆಚೆಯ ಹಳ್ಳದವುಗಳಿಗೂ ಈಚೆಯವುಗಳಿಗೂ ಸಂಬಂಧ ತಪ್ಪುತ್ತದೆ. ಸಾವಿರಾರು ತಲೆಮಾರು ಕಳೆದ ಮೇಲೆ ಅವು ಬೇರೆಬೇರೆ ಪ್ರಭೇದಗಳೇ ಆಗಿರುತ್ತವೆ. ಒಂದು ಸೀಮೆಯಲ್ಲಿ ಬಿಟ್ಟು ಲೋಕದಲ್ಲಿ ಬೇರೆಲ್ಲೂ ಸಿಗದ ಇಂಥವನ್ನು ಸ್ಥಾನಿಕ ಪ್ರಭೇದ ಎನ್ನುತ್ತಾರೆ.

ಎರಡನೆಯದು ಬಿಲ. ನಳ್ಳಿ ಉಸಿರಾಡುವುದು ಕಿವಿರಿನಿಂದಲೇ ಆದರೂ, ಕಿವಿರಿನ ಗೂಡಿನ ಒಳಗೋಡೆ ಗಾಳಿಯಿಂದ ನೇರವಾಗಿ ಆಮ್ಲಜನಕ ಹೀರಬಲ್ಲದು. ಮೈ ತೇವವಾಗಿದ್ದರೆ ಸಾಕು, ನೀರಿನ ಹೊರಗೂ ಬಹಳ ಹೊತ್ತು ಬದುಕುತ್ತದೆ. ಬೇಸಿಗೆಯಲ್ಲಿ ಅದು ತೇವ ಸಿಗುವವರೆಗೆ ಕೆಳಕ್ಕೆ ಕೊರೆದು, ಬಿಲದ ಬಾಯಿಗೆ ಮಣ್ಣು ಮೆತ್ತಿ, ಮಳೆಗೆ ಕಾಯುತ್ತದೆ. ಬದುವಿನಲ್ಲಿ ಬಿಲ ಬಿದ್ದರೆ ಗದ್ದೆಯ ನೀರು ಸೋರಿಹೋಗುತ್ತದೆ. ಹಾಗಾಗಿ ರೈತರಿಗೆ ನಳ್ಳಿ ಮೇಲೆ ಸಿಟ್ಟಿರುವುದು ಸಹಜ. ಆದರೆ ಕೊಳೆತ ಎಲೆ, ಸತ್ತ ಮೀನು, ಹುಳುಹುಪ್ಪಟೆ ಎಲ್ಲವನ್ನೂ ತಿಂದು ಪುಡಿಮಾಡುವುದೂ ನಳ್ಳಿಯೇ. ನೀರುನಾಯಿ, ಬೆಳ್ಳಕ್ಕಿ, ನೀರೊಳ್ಳೆ ಹಾವುಗಳ ಹೊಟ್ಟೆ ತುಂಬಿಸುವುದರಲ್ಲೂ ಅದರ ಪಾಲು ದೊಡ್ಡದು.

ಸಿಹಿನೀರಿನ ಏಡಿಗಳ ಬಗ್ಗೆ ಭಾರತದಲ್ಲಿ ನಡೆದ ಅಧ್ಯಯನ ಹಳೆಯದು. ಡಾನಿಶ್ ಕೀಟವಿಜ್ಞಾನಿ ಫ್ಯಾಬ್ರಿಸಿಯಸ್ 1798ರಷ್ಟು ಹಿಂದೆಯೇ ಹೆಸರಿಟ್ಟ ಓಜಿಯೊಟೆಲ್ಫೂಸ ಸೆನೆಕ್ಸ್ ದಕ್ಷಿಣದ ಗದ್ದೆ, ಕಾಲುವೆಗಳ ಸಾಮಾನ್ಯ ನಳ್ಳಿ. 1836ರಲ್ಲಿ ಕರ್ನಲ್ ಸೈಕ್ಸ್ ದಖನ್ನಿನ ಬಿಲದ ಏಡಿಯ ವಿವರ ಬರೆದರು. ಅದಕ್ಕೆ ವೆಸ್ಟ್‌ವುಡ್ ಕೊಟ್ಟ ಹೆಸರಿನಿಂದ ಇಂದಿನ ಬ್ಯಾರಿಟೆಲ್ಫೂಸ ಕ್ಯುನಿಕ್ಯುಲಾರಿಸ್ ಬಂತು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಆಲ್ಕಾಕ್ 1910ರಲ್ಲಿ ಹೊರತಂದ ಭಾರತದ ಸಿಹಿನೀರಿನ ಏಡಿಗಳ ಸೂಚಿ ಬಹುಕಾಲ ಈ ವಿಷಯದ ಮೂಲಗ್ರಂಥವಾಗಿತ್ತು. ಆಮೇಲೆ ಸುಮಾರು ನೂರು ವರ್ಷ ಕೆಲಸ ಮಂದವಾಗಿಯೇ ಸಾಗಿತು ಎನ್ನಬೇಕು. 2007ರಲ್ಲಿ ಬಹೀರ್ ಮತ್ತು ಯಿಯೋ ದಕ್ಷಿಣ ಭಾರತದ ಏಡಿಗಳ ವರ್ಗೀಕರಣವನ್ನು ಹೊಸದಾಗಿ ಕಟ್ಟಿದ ನಂತರ ಹೊಸ ಪ್ರಭೇದಗಳ ಸಾಲು ಶುರುವಾಯಿತು. 2014ರಲ್ಲಿ ಘಾಟಿಯಾನ ಎಂಬ ಕುಲವೇ ಹೊಸದಾಗಿ ಸೇರಿತು. 2022ರಲ್ಲಿ ಉತ್ತರ ಕನ್ನಡದ ಯಲ್ಲಾಪುರ ಕಾಡಿನಿಂದ ಬಿಳಿ ಮತ್ತು ಕೆನ್ನೀಲಿ ಮೈಬಣ್ಣದ ಏಡಿಯೊಂದು ಘಾಟಿಯಾನ ದ್ವಿವರ್ಣ ಎಂಬ ಹೆಸರು ಪಡೆಯಿತು. ಅದನ್ನು ಮೊದಲು ಗುರುತಿಸಿದವರಲ್ಲಿ ಅರಣ್ಯ ಇಲಾಖೆಯ ಗಸ್ತು ಸಿಬ್ಬಂದಿಯೂ ಇದ್ದರು. ಹೊಸ ಪ್ರಭೇದ ಹುಡುಕಲು ಪ್ರಯೋಗಾಲಯಕ್ಕಿಂತ ದಿನವೂ ಕಾಡು ತುಳಿಯುವ ಕಾಲುಗಳೇ ಹೆಚ್ಚು ಉಪಯೋಗಕ್ಕೆ ಬಂದ ಉದಾಹರಣೆ ಇದು.

ಯಲ್ಲಾಪುರದಲ್ಲಿ ಆದದ್ದು ಮಾಗಡಿಯಲ್ಲಿ ಏಕೆ ಆಗಿಲ್ಲ? ಪಶ್ಚಿಮಘಟ್ಟದಲ್ಲಿ ಮಳೆ ಹೆಚ್ಚು, ಕಣಿವೆಗಳು ಆಳ, ಒಂದೊಂದು ಝರಿಯೂ ಬಹುಕಾಲದಿಂದ ಬತ್ತದೆ ಬೇರೆಬೇರೆಯಾಗಿ ಹರಿದಿದೆ. ಪ್ರಭೇದಗಳು ಒಡೆದು ಬೇರೆಯಾಗಲು ಅಂಥ ಜಾಗ ಬೇಕು. ಅರ್ಕಾವತಿ ಸೀಮೆಯ ಹಳ್ಳಗಳು ವರ್ಷದ ಬಹುಪಾಲು ಒಣಗಿರುತ್ತವೆ. ಇಲ್ಲಿ ಉಳಿಯಬಲ್ಲದ್ದು ಬರವನ್ನೂ ನೆರೆಯನ್ನೂ ತಾಳಿಕೊಂಡು, ಕೆರೆಯಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಹಬ್ಬುವ ಗಟ್ಟಿ ಜಾತಿಯೇ. ಈ ಸೀಮೆಯ ಕೆರೆಗಳ ಸರಣಿಯೂ ಅದಕ್ಕೆ ನೆರವಾಗಿದೆ. ಒಂದರ ಕೋಡಿ ನೀರು ಮುಂದಿನದಕ್ಕೆ ಇಳಿಯುವ ಕೆರೆಗಳನ್ನು ಕಟ್ಟಿದವರು ತಮಗೆ ತಿಳಿಯದೆಯೇ ನಳ್ಳಿಗೂ ದಾರಿ ಮಾಡಿಕೊಟ್ಟರು.

ಹಾಗೆಂದು ಇಲ್ಲಿನ ನಳ್ಳಿ ಸಾಮಾನ್ಯ, ಅದರ ಚಿಂತೆ ಬೇಡ ಎಂದುಕೊಳ್ಳುವುದು ತಪ್ಪು ಲೆಕ್ಕ. ಸ್ಥಾನಿಕತೆಗೆ ಹಲವು ಅಳತೆಗಳಿವೆ. ದ್ವಿವರ್ಣ ಏಡಿಯದು ಕೆಲವು ಕಿಲೋಮೀಟರುಗಳ ಅಳತೆಯಾದರೆ, ಓಜಿಯೊಟೆಲ್ಫೂಸ ಕುಲದ್ದು ಪರ್ಯಾಯದ್ವೀಪದ ಅಳತೆ. ಭಾರತದ ದಕ್ಷಿಣ ಭಾಗ ಮತ್ತು ಶ್ರೀಲಂಕಾ ಬಿಟ್ಟರೆ ಈ ಕುಲ ಲೋಕದಲ್ಲಿ ಬೇರೆಲ್ಲೂ ಇಲ್ಲ. ಚನ್ನಪಟ್ಟಣದ ಗದ್ದೆ ಬದುವಿನಲ್ಲಿ ಬಿಲ ತೋಡುವ ಪ್ರಾಣಿಗೆ ಚೀನಾದಲ್ಲಾಗಲಿ ಆಫ್ರಿಕಾದಲ್ಲಾಗಲಿ ಬದಲಿ ಇಲ್ಲ. ಎಲ್ಲೆಡೆ ಕಾಣುವುದರಿಂದ ಅದು ಎಲ್ಲೆಡೆಯದು ಎಂಬ ಭ್ರಮೆ ಹುಟ್ಟುತ್ತದೆ, ಅಷ್ಟೆ. ಪಕ್ಕದ ಶ್ರೀಲಂಕಾದ ಲೆಕ್ಕ ಇದಕ್ಕೆ ಕನ್ನಡಿ. ಅಲ್ಲಿ ದಾಖಲಾದ ಸುಮಾರು 50 ಸಿಹಿನೀರಿನ ಏಡಿ ಪ್ರಭೇದಗಳಲ್ಲಿ ಒಂದನ್ನುಳಿದು ಮಿಕ್ಕವೆಲ್ಲ ಆ ದ್ವೀಪಕ್ಕೇ ಸೀಮಿತ, ಹಲವು ತೀವ್ರ ಅಪಾಯದ ಪಟ್ಟಿಯಲ್ಲಿವೆ.

ಗುರುತು ಹಿಡಿಯುವ ಕಷ್ಟವೂ ಇದೆ. ಒಂದೇ ಪ್ರಭೇದದ ನಳ್ಳಿ ಕೆಂಪುಮಣ್ಣಿನಲ್ಲಿ ಕಂದಾಗಿ, ಕೆರೆಯ ಕೆಸರಿನಲ್ಲಿ ಕಪ್ಪಾಗಿ ಕಾಣಬಹುದು. ಬಣ್ಣ ನಂಬುವಂಥದ್ದಲ್ಲ. ಗಂಡಿನ ಹೊಟ್ಟೆಯಡಿಯ ಮಡಿಕೆಯನ್ನು ಬಿಚ್ಚಿದರೆ ಸಿಗುವ ಸಂಗಮಾಂಗದ ಮೊದಲ ಜೋಡಿಯ ಆಕಾರವೇ ಪ್ರಭೇದದ ನಿಜವಾದ ಗುರುತು. ಅದನ್ನು ಸೂಕ್ಷ್ಮದರ್ಶಕದಡಿ ನೋಡಬೇಕು, ಈಚೆಗೆ ಡಿಎನ್‌ಎ ಕೂಡ ಹೋಲಿಸುತ್ತಾರೆ. ಹಾಗಾಗಿ ಸಂಗಮದ ಕಾಡಿನ ಹಳ್ಳಗಳಲ್ಲೋ ಸಾವನದುರ್ಗದ ಬುಡದ ಜೌಗಿನಲ್ಲೋ ಇರುವುದೆಲ್ಲ ಗದ್ದೆಯ ನಳ್ಳಿಯೇ ಎಂದು ನೋಡಿದ ಮಾತ್ರಕ್ಕೆ ತೀರ್ಮಾನಿಸಲಾಗದು.

ಸೀಗಡಿಗಳ ಕತೆ ಬೇರೆ. ಕಾವೇರಿಯ ದೊಡ್ಡ ಸೀಗಡಿಗಳಾದ ಮ್ಯಾಕ್ರೊಬ್ರ್ಯಾಕಿಯಮ್ ಕುಲದ ಮಾಲ್ಕಮ್‌ಸೋನಿಯಂಥವು ಸಿಹಿನೀರಿನಲ್ಲಿ ಬೆಳೆದರೂ ಅವುಗಳ ಡಿಂಭಗಳಿಗೆ ಉಪ್ಪು ಬೆರೆತ ಅಳಿವೆಯ ನೀರು ಬೇಕು. ಮೊಟ್ಟೆ ಹೊತ್ತ ಹೆಣ್ಣು ಪ್ರವಾಹದ ಜತೆ ಕೆಳಕ್ಕಿಳಿಯುತ್ತದೆ. ಅಳಿವೆಯಲ್ಲಿ ಬೆಳೆದ ಮರಿಗಳು ಹರಿವಿಗೆ ಎದುರಾಗಿ ಮೇಲಕ್ಕೆ ಹತ್ತಿ ಬರುತ್ತವೆ. ಇಂಥವು ಹರಡುವುದು ಬಹಳ ದೂರ, ಆದರೆ ನದಿ ಎಲ್ಲೂ ತುಂಡಾಗಿರಬಾರದು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಪೂರ್ಣಗೊಂಡ ಮೇಲೆ ಕಾವೇರಿಯ ಮೇಲ್ಭಾಗಕ್ಕೂ ಬಂಗಾಳಕೊಲ್ಲಿಗೂ ನಡುವೆ ಗೋಡೆ ಎದ್ದಿತು. ಅದರಾಚೆ ದೊಡ್ಡ ಸೀಗಡಿ ಬೇಕೆಂದರೆ ಮೊಟ್ಟೆಕೇಂದ್ರದ ಮರಿಗಳನ್ನು ತಂದು ಬಿಡುವುದೇ ದಾರಿ. ಆದರೆ ಎಲ್ಲ ಸೀಗಡಿಗಳಿಗೂ ಕಡಲು ಬೇಕಿಲ್ಲ. ಹುಲ್ಲುಬೇರಿನ ಸಂದಿಯಲ್ಲಿ ಬದುಕುವ ಕ್ಯಾರಿಡಿನ ಕುಲದ ಬೆರಳುದ್ದವೂ ಇಲ್ಲದ ಪಾರದರ್ಶಕ ಸೀಗಡಿಗಳಲ್ಲಿ ಹಲವು ನಳ್ಳಿಯಂತೆಯೇ ಕೆಲವೇ ದಪ್ಪ ಮೊಟ್ಟೆಗಳನ್ನಿಟ್ಟು, ಡಿಂಭದ ಹಂತವನ್ನು ಮೊಟ್ಟೆಯೊಳಗೇ ಮುಗಿಸುತ್ತವೆ. ಸ್ಥಾನಿಕ ಪ್ರಭೇದಗಳು ಸಿಗುವುದು ಹೆಚ್ಚಾಗಿ ಇಂಥವುಗಳಲ್ಲೇ.

ಉಳಿದದ್ದು ದೊಣೆ. ಬಂಡೆಯ ಮೇಲಿನ ಒಂದು ಅಂಗೈ ಆಳದ ಗುಂಡಿಯಲ್ಲಿ ಮೀನು ಬದುಕದು. ಮೀನಿಲ್ಲದಿರುವುದೇ ಫೇರಿ ಶ್ರಿಂಪ್‌ಗೆ ಬದುಕು, ಏಕೆಂದರೆ ನಿಧಾನವಾಗಿ ಈಜುವ ಈ ಮೃದು ಜೀವಿಗೆ ಬೇರೆ ರಕ್ಷಣೆಯೇ ಇಲ್ಲ. ಮಳೆ ಬಿದ್ದ ಒಂದೆರಡು ದಿನದಲ್ಲಿ ಮಣ್ಣಿನಲ್ಲಿದ್ದ ಮೊಟ್ಟೆ ಒಡೆದು, ಕೆಲವೇ ವಾರಗಳಲ್ಲಿ ಬೆಳೆದು, ಮೊಟ್ಟೆಯಿಟ್ಟು ಅದು ಸಾಯುತ್ತದೆ. ಆ ಮೊಟ್ಟೆಗಳು ಬಿಸಿಲಿನಲ್ಲಿ ಕಾದ ಬಂಡೆಯ ಮೇಲೂ ವರ್ಷಗಟ್ಟಲೆ ಸಾಯದೆ ಉಳಿಯುತ್ತವೆ, ಗಾಳಿಯಲ್ಲಿ ಹಾರುತ್ತವೆ, ಹಕ್ಕಿಗಳ ಕಾಲಿಗೆ ಅಂಟಿ ಪಯಣಿಸುತ್ತವೆ. ದಕ್ಷಿಣ ಭಾರತದ ಹೊಂಡಗಳಲ್ಲಿ ಸ್ಟ್ರೆಪ್ಟೊಸೆಫಾಲಸ್ ಡೈಕೊಟೊಮಸ್ ಎಂಬ ಫೇರಿ ಶ್ರಿಂಪ್ ಹೆಚ್ಚು ಪರಿಚಿತ. ಮೊಟ್ಟೆ ಇಷ್ಟು ಸುಲಭವಾಗಿ ಹರಡುವುದಾದರೆ ಸ್ಥಾನಿಕ ಪ್ರಭೇದ ಇರಬಾರದಲ್ಲ ಎನ್ನಿಸಬಹುದು. ಆದರೆ 2014ರಲ್ಲಿ ಸಹ್ಯಾದ್ರಿಯಿಂದ ಸ್ಟ್ರೆಪ್ಟೊಸೆಫಾಲಸ್ ಸಹ್ಯಾದ್ರಿಯೆನ್ಸಿಸ್ ಎಂಬ ಹೊಸದೊಂದು ವರ್ಣಿತವಾಯಿತು. ಮೊಟ್ಟೆ ಹೋಗಿ ಬಿದ್ದಲ್ಲೆಲ್ಲ ಬದುಕು ಸಾಗುವುದಿಲ್ಲ, ನೀರಿನ ಗುಣ ಮತ್ತು ಅದು ನಿಲ್ಲುವ ದಿನಗಳೂ ಕೂಡಿಬರಬೇಕು. ರಾಮನಗರದ ಬೆಟ್ಟಗಳಲ್ಲಿ ರಣಹದ್ದುಗಳಿಗಾಗಿ 2012ರಲ್ಲಿ ಸುಮಾರು 346 ಹೆಕ್ಟೇರಿನ ಧಾಮ ಘೋಷಣೆಯಾಯಿತು. ಅಲ್ಲಿನ ದೊಣೆಗಳು ಅದರ ಜತೆಗೇ ಬೇಲಿಯೊಳಗೆ ಬಂದವು, ಯಾರೂ ಅವುಗಳನ್ನು ಉದ್ದೇಶಿಸಿರಲಿಲ್ಲವಾದರೂ.

ಇದೇ ಬಳಗದ ಸೈಕ್ಲಾಪ್ಸ್ ಒಂದು ಕಾಲಕ್ಕೆ ಕರ್ನಾಟಕದ ಹಳ್ಳಿಗಳಿಗೆ ಶತ್ರುವಾಗಿತ್ತು. ನಾರುಹುಣ್ಣಿನ ಮರಿಹುಳುಗಳನ್ನು ಹೊತ್ತ ಸೈಕ್ಲಾಪ್ಸ್ ಮೆಟ್ಟಿಲುಬಾವಿಯ ನೀರಿನೊಡನೆ ಹೊಟ್ಟೆಗೆ ಸೇರುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿಸುವುದು ಮುಂತಾದ ಸರಳ ಕ್ರಮಗಳಿಂದ ರೋಗ ಅಳಿಯಿತು. ದೇಶದ ಕೊನೆಯ ಪ್ರಕರಣ 1996ರದು, 2000ದಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ಘೋಷಿತವಾಯಿತು. ರೋಗ ಹೋಯಿತು, ಸೈಕ್ಲಾಪ್ಸ್ ಕೆರೆಗಳಲ್ಲಿ ಮೀನುಮರಿಗಳ ಆಹಾರವಾಗಿ ಹಾಗೇ ಉಳಿದಿದೆ.

ಈಗ ಅಪಾಯಗಳ ವಿಷಯ. ಅರ್ಕಾವತಿ ಸೀಮೆಯಲ್ಲಿ ಮೊದಲ ಅಪಾಯ ಕೊಳಚೆಯಲ್ಲ, ಒಣಗುವಿಕೆ. ನದಿ ಏಕೆ ಬತ್ತುತ್ತಿದೆ ಎಂದು ಕೇಳಿಕೊಂಡು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನ, ಮಳೆ ಕಡಿಮೆಯಾದದ್ದಾಗಲಿ ಬಿಸಿಲು ಹೆಚ್ಚಿದ್ದಾಗಲಿ ಮುಖ್ಯ ಕಾರಣವಾಗಿರಲಾರದು ಎಂದಿತು. ಅದು ಬೆರಳು ತೋರಿಸಿದ್ದು ಕೊಳವೆಬಾವಿಗಳ ಕಡೆಗೆ ಮತ್ತು ನೀಲಗಿರಿ ತೋಪುಗಳ ಕಡೆಗೆ. ಅಂತರ್ಜಲ ನೂರಾರು ಅಡಿ ಕೆಳಗಿಳಿದರೆ ಹಳ್ಳದ ತಳಕ್ಕೆ ಬೇಸಿಗೆಯ ತೇವ ತಪ್ಪುತ್ತದೆ. ನಳ್ಳಿ ಎಷ್ಟು ಕೊರೆದರೂ ಸಿಗುವುದು ಒಣಮಣ್ಣೇ. ಮೇಲಿನ ನೀರು ಬತ್ತುವುದನ್ನು ಲಕ್ಷಾಂತರ ವರ್ಷಗಳಿಂದ ಸಹಿಸಿಕೊಂಡು ಬಂದ ಪ್ರಾಣಿಗೆ ಕೆಳಗಿನ ನೀರು ಬತ್ತುವುದಕ್ಕೆ ಉಪಾಯ ಗೊತ್ತಿಲ್ಲ. ರಾಜ್ಯ ಸರ್ಕಾರ 2017ರಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಅಂತರ್ಜಲಕ್ಕಾಗಿ, ಆದರೂ ಆ ಲಾಭದಲ್ಲಿ ನಳ್ಳಿಗೂ ಪಾಲಿದೆ. ಇನ್ನೊಂದೆಡೆ, ತಿಪ್ಪಗೊಂಡನಹಳ್ಳಿ ಜಲಾನಯನದಲ್ಲಿ ಕಟ್ಟಡ, ಕೈಗಾರಿಕೆಗಳಿಗೆ 2003ರಲ್ಲಿ ಹಾಕಿದ ನಿರ್ಬಂಧಗಳನ್ನು 2019ರಲ್ಲಿ ಸಡಿಲಿಸಲಾಯಿತು.

ವೃಷಭಾವತಿಯ ಹೊಲಸು ಬೈರಮಂಗಲ ಕೆರೆಯಲ್ಲಿ ನೊರೆಯಾಗಿ ಕಾಣುತ್ತದೆ, ಹಾಗಾಗಿ ಅದಕ್ಕೆ ಪತ್ರಿಕೆಗಳಲ್ಲಿ ಜಾಗ ಸಿಗುತ್ತದೆ. ಕಣ್ಣಿಗೆ ಬೀಳದ ವಿಷ ಬೇರೆಯೇ. ಕೀಟ ಮತ್ತು ಕಠಿಣಚರ್ಮಿಗಳ ಮೈಹೊದಿಕೆ ಒಂದೇ ಪದಾರ್ಥದ್ದು, ಪೊರೆ ಕಳಚುವ ಹಾರ್ಮೋನುಗಳೂ ಹೆಚ್ಚುಕಡಿಮೆ ಒಂದೇ. ಹುಳುವಿಗೆ ಹೊಡೆದ ಔಷಧಿ ಹಳ್ಳ ಸೇರಿದರೆ ಸೀಗಡಿಗೂ ತಗಲುತ್ತದೆ. ಇದರಲ್ಲಿ ರೇಷ್ಮೆ ಸೀಮೆಗೊಂದು ವಿಚಿತ್ರ ಅನುಕೂಲವಿದೆ. ಹಿಪ್ಪುನೇರಳೆ ಸೊಪ್ಪಿನಲ್ಲಿ ಔಷಧಿ ಉಳಿದರೆ ರೇಷ್ಮೆಹುಳುವೇ ಸಾಯುವುದರಿಂದ ಬೆಳೆಗಾರ ಕೈ ಬಿಗಿಹಿಡಿದೇ ಸಿಂಪಡಿಸುತ್ತಾನೆ. ಟೊಮೆಟೊ ತೋಟದ ಪಕ್ಕದ ಹಳ್ಳಕ್ಕಿಂತ ಹಿಪ್ಪುನೇರಳೆ ತೋಟದ ಪಕ್ಕದ್ದು ನಳ್ಳಿಗೆ ಮೇಲು ಎಂದು ಎಣಿಸಲು ಕಾರಣವಿದೆ. ಆದರೆ ಪ್ರತಿ ಬೆಳೆಗೆ ಮೊದಲು ಹುಳುಸಾಕಣೆ ಮನೆಯನ್ನು ಸುಣ್ಣ ಬೆರೆಸಿದ ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯುತ್ತಾರೆ. ಆ ಕ್ಲೋರಿನ್ ನೀರು, ನೂಲು ತೆಗೆಯುವ ಘಟಕಗಳಿಂದ ಬರುವ ಗೂಡು ಬೇಯಿಸಿದ ನೀರು ಚರಂಡಿ ಹಿಡಿದು ನೇರ ಹಳ್ಳಕ್ಕೆ ಇಳಿದರೆ ಕಿವಿರಿನ ಪ್ರಾಣಿಗೆ ಉಳಿಗಾಲವಿಲ್ಲ. ಇಂಗುಗುಂಡಿಯೊಂದಿದ್ದರೆ ಈ ತೊಂದರೆಯಲ್ಲಿ ಬಹಳಷ್ಟು ನೀಗುತ್ತದೆ.

ಮರಳು ತೆಗೆದ ಹೊಳೆಯಲ್ಲಿ ಬಿಲ ತೋಡಲು ದಂಡೆಯೇ ಇರುವುದಿಲ್ಲ. ಕಲ್ಲುಗಣಿ ಬೆಟ್ಟವನ್ನೇ ತಿಂದರೆ ದೊಣೆಯೂ ಹೋಯಿತು. ಕಾವೇರಿ ದಡದಲ್ಲಿ ಮೀನಿಗಾಗಿ ಸಿಡಿಸುವ ಮದ್ದು ಮೀನನ್ನಷ್ಟೇ ಆರಿಸಿ ಕೊಲ್ಲುವುದಿಲ್ಲ. ಭಾರತಕ್ಕೆ 1952ರಲ್ಲಿ ತಂದ ತಿಲಾಪಿಯ, 2000ದಲ್ಲಿ ನಿಷೇಧವಾದರೂ ಕದ್ದು ಸಾಕುವ ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕಿದ್ದನ್ನೆಲ್ಲ ನುಂಗುತ್ತವೆ. ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ ಕ್ರೇಫಿಶ್ ಎಂಬ ಕಠಿಣಚರ್ಮಿ ಭಾರತದ ಪ್ರಾಣಿಯೇ ಅಲ್ಲ. ಸಾಕಿ ಬೇಸತ್ತವರು ಅದನ್ನು ಕೆರೆಗೆ ಬಿಟ್ಟರೆ ಇಲ್ಲಿನ ನಳ್ಳಿಗೆ ಹೊಸ ಪೈಪೋಟಿ, ಹೊಸ ರೋಗ ಎರಡೂ ಬರಬಹುದು.

ಸಂರಕ್ಷಣೆಯ ಕಾಗದಪತ್ರಗಳಲ್ಲಿ ಈ ಪ್ರಾಣಿಗಳಿಗೆ ಸಿಕ್ಕ ಜಾಗ ಕಿರಿದು. 2009ರಲ್ಲಿ ಲೋಕದ 1,280 ಸಿಹಿನೀರಿನ ಏಡಿ ಪ್ರಭೇದಗಳನ್ನು ಒಟ್ಟಿಗೆ ಅಂದಾಜು ಮಾಡಿದಾಗ ಸುಮಾರು ಆರರಲ್ಲೊಂದು ಅಪಾಯದಲ್ಲಿರುವುದು ತಿಳಿಯಿತು, ನೂರಾರು ಪ್ರಭೇದಗಳ ಬಗ್ಗೆ ತೀರ್ಪು ಕೊಡುವಷ್ಟು ಮಾಹಿತಿಯೇ ಇರಲಿಲ್ಲ. ಪಶ್ಚಿಮಘಟ್ಟದ ಸಿಹಿನೀರಿನ ಜೀವವೈವಿಧ್ಯದ ಬಗ್ಗೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) 2011ರಲ್ಲಿ ತಂದ ದೊಡ್ಡ ವರದಿಯಲ್ಲಿ ಮೀನು, ಮೃದ್ವಂಗಿ, ಏರೋಪ್ಲೇನ್ ಚಿಟ್ಟೆ, ಜಲಸಸ್ಯಗಳಿಗೆ ಅಧ್ಯಾಯಗಳಿವೆ, ಏಡಿಗೆ ಇಲ್ಲ. 2025ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ಸಿಹಿನೀರಿನ ಪ್ರಾಣಿಗಳಲ್ಲಿ ಒಟ್ಟು ಶೇ 24ರಷ್ಟು ಅಳಿವಿನ ಅಪಾಯದಲ್ಲಿದ್ದರೆ, ಏಡಿ, ಸೀಗಡಿ, ಕ್ರೇಫಿಶ್‌ಗಳ ಗುಂಪಿನಲ್ಲಿ ಆ ಪ್ರಮಾಣ ಶೇ 30. ಮೀನಿಗಿಂತಲೂ ಹೆಚ್ಚು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹೆಸರು ಪಡೆದ ಏಡಿ ನಡುಗಡ್ಡೆಗಳ ತೆಂಗಿನ ಏಡಿ. ತೆಂಗಿನ ನಾಡಾದ ಚನ್ನಪಟ್ಟಣದಲ್ಲಿ ಅದಿಲ್ಲ, ಇಲ್ಲಿರುವ ನಳ್ಳಿ ಆ ಪಟ್ಟಿಯಲ್ಲಿಲ್ಲ.

ಸಣ್ಣ ಏಡಿಯೊಂದನ್ನು ಉಳಿಸಲು ಏನು ಬೇಕೆಂಬುದಕ್ಕೆ ಸಿಂಗಪುರದ ಅನುಭವ ನೋಡಬೇಕು. 1986ರಲ್ಲಿ ವರ್ಣಿತವಾದ ಜೊಹೊರ ಸಿಂಗಪೊರೆನ್ಸಿಸ್ ಲೋಕದಲ್ಲಿ ಆ ದ್ವೀಪದ ಕೆಲವೇ ತೊರೆಗಳಲ್ಲಿದೆ. ಮೊದಲು ಸಿಕ್ಕ ಬುಕಿಟ್ ತಿಮಾ ತೊರೆ ರಕ್ಷಿತ ಕಾಡಿನೊಳಗೇ ಇದ್ದರೂ 2008ರ ವೇಳೆಗೆ ಅಲ್ಲಿ ಏಡಿ ಕಾಣದಾಯಿತು. ನೀರು ಆಮ್ಲೀಯವಾದದ್ದೇ ಕಾರಣವಿರಬೇಕೆಂದು ವಿಜ್ಞಾನಿಗಳು ಊಹಿಸಿದರು. ಆಮೇಲೆ ವಿಶ್ವವಿದ್ಯಾಲಯ, ಉದ್ಯಾನ ಇಲಾಖೆ, ಮೃಗಾಲಯದವರು ಸೇರಿ ತೊರೆಗಳ ನೀರನ್ನು ಅಳೆದು, ಏಡಿಗಳನ್ನು ಸಾಕಿ ಮರಿ ಮಾಡಿಸುವ ಕೆಲಸ ಹಿಡಿದರು. ಕಾಡಿಗೆ ಬೇಲಿ ಹಾಕಿದ ಮಾತ್ರಕ್ಕೆ ತೊರೆ ಉಳಿಯುವುದಿಲ್ಲ.

ಅರ್ಕಾವತಿ ಸೀಮೆಯಲ್ಲಿ ಅಷ್ಟು ಖರ್ಚಿನ ಕೆಲಸದ ಹೊತ್ತು ಇನ್ನೂ ಬಂದಿಲ್ಲ, ಬೇಕಿರುವುದು ಲೆಕ್ಕ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಅದರ ಕೈಯಲ್ಲೊಂದು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಮರ, ಗಿಡಮೂಲಿಕೆ, ಹಕ್ಕಿಗಳ ಜತೆ ಯಾವ ಹಳ್ಳದಲ್ಲಿ ಯಾವ ತಿಂಗಳು ನಳ್ಳಿ ಕಾಣುತ್ತದೆ, ಯಾವ ದೊಣೆಯಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆ ಎಂಬುದನ್ನೂ ಅದರಲ್ಲಿ ಬರೆದಿಡಬಹುದು. ರಾತ್ರಿ ನಳ್ಳಿ ಹಿಡಿಯುವವರಿಗೆ ಇದು ಚೆನ್ನಾಗಿ ಗೊತ್ತು. ಅವರಿಂದ ಒಂದೆರಡು ಗಂಡು ನಳ್ಳಿಗಳನ್ನು ಸ್ಪಿರಿಟ್ಟಿನಲ್ಲಿಟ್ಟು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೋ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯಕ್ಕೋ ತಲುಪಿಸಿದರೆ ಹೆಸರೂ ಸಿಗುತ್ತದೆ. ಇದೇ ಕಾಯ್ದೆಯಡಿ 2007ರಲ್ಲಿ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆತೋಪು ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ದೊಣೆಗಳಿರುವ ಬಂಡೆಯೊಂದು ಹಾಗಾಗಲು ಕಾಯ್ದೆಯಲ್ಲಿ ಅಡ್ಡಿಯೇನೂ ಇಲ್ಲ.

ಈ ಲೆಕ್ಕ ಬೇಗ ಆಗಬೇಕಾದ ಜಾಗ ಕನಕಪುರದ ದಕ್ಷಿಣ. ಸಂಗಮದಿಂದ ಮೇಕೆದಾಟುವರೆಗಿನ ಕಾವೇರಿ, 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮದ ಹಳ್ಳಗಳ ಜತೆ ಸೇರಿ, ನೀರುನಾಯಿಗಳಿರುವ, ಕಲ್ಲು, ಮಡು, ಮರಳು ಇನ್ನೂ ತಮ್ಮ ಜಾಗದಲ್ಲಿರುವ ನೆಲೆ. ಮೇಕೆದಾಟುವಿನಲ್ಲಿ 67 ಟಿಎಂಸಿ ಅಡಿಯ ಸಮತೋಲನ ಜಲಾಶಯ ಕಟ್ಟಿದರೆ ಸುಮಾರು 5,000 ಹೆಕ್ಟೇರ್ ಮುಳುಗುತ್ತದೆ, ಅದರಲ್ಲಿ ಬಹುಪಾಲು ಈ ಧಾಮದ ಕಾಡು. ನೀರಿನ ಹಂಚಿಕೆಯ ವಾದ ನ್ಯಾಯಾಲಯ, ಪ್ರಾಧಿಕಾರಗಳಲ್ಲಿ ತೀರುವಂಥದ್ದು. ಕಟ್ಟಲಿ ಬಿಡಲಿ, ಅದಕ್ಕೆ ಮೊದಲು ಆ ಹಳ್ಳಗಳ ಕಲ್ಲು ಮಗುಚಿ ನಳ್ಳಿ, ಸೀಗಡಿಗಳನ್ನು ಹೆಸರು ಹಿಡಿದು ದಾಖಲಿಸಲು ಮುಂಗಾರಿನಲ್ಲೊಂದು, ಬೇಸಿಗೆಯಲ್ಲೊಂದು ಸುತ್ತು ಸಮೀಕ್ಷೆ ಸಾಕು. ಹರಿವ ನೀರಿನ ಪ್ರಾಣಿಗಳು ನಿಂತ ನೀರಿನ ತಳದಲ್ಲಿ ಉಳಿಯುವುದಿಲ್ಲವಾದ್ದರಿಂದ, ಮುಳುಗಡೆಯಾದ ಮೇಲೆ ಮಾಡುವ ಸಮೀಕ್ಷೆಯಲ್ಲಿ ಸಿಗುವುದು ಜಲಾಶಯದ ಪ್ರಾಣಿಗಳ ಪಟ್ಟಿ ಮಾತ್ರ.